ಅದುರುವ ಯಂತ್ರಕ್ಕೆ ಯಾವುದು ಸರಿ: ರಬ್ಬರಾ, ಸ್ಪ್ರಿಂಗಾ, ಇಲ್ಲಾ ಬರೀ ಒಂದು ಸ್ಕ್ರೇಪರಾ?

ಕೆಳಗೆ ಹೋಟೆಲ್, ಮೇಲೆ ಮನೆ. ಮುಂಬೈಯಲ್ಲಿ ಇಂಥ ಕಟ್ಟಡಗಳಿಗೆ ಲೆಕ್ಕವಿಲ್ಲ. ಮಾಟುಂಗಾದಿಂದ ಮುಲುಂಡ್ ತನಕ ನಮ್ಮವರ ಎಷ್ಟೋ ಹೋಟೆಲುಗಳು ಇಂಥಲ್ಲೇ ಇವೆ. ಬೆಳಿಗ್ಗೆ ಐದೂವರೆಗೆ ಅಡುಗೆಮನೆಯ ಹೊಗೆ ಎಳೆಯುವ ಬ್ಲೋವರ್ ಶುರುವಾದರೆ ಮೊದಲ ಮಹಡಿಯ ಶೋಕೇಸಿನ ಗಾಜು ಗುಂಯ್ ಅನ್ನುತ್ತದೆ. ಮೇಲಿನವರು ಸೊಸೈಟಿಗೆ ಬರೆಯುತ್ತಾರೆ. ಸೊಸೈಟಿ ಹೋಟೆಲಿಗೆ ಬರೆಯುತ್ತದೆ. ಹೋಟೆಲಿನವರು ನಾಗದೇವಿ ಸ್ಟ್ರೀಟಿಗೆ ಹುಡುಗನನ್ನು ಕಳಿಸಿ ನಾಲ್ಕು ರಬ್ಬರ್ ಪ್ಯಾಡ್ ತರಿಸುತ್ತಾರೆ.

ಪ್ಯಾಡ್ ಹಾಕಿದ ಮೇಲೆ ಕೆಲವು ಕಡೆ ಅದುರು ಕಡಿಮೆಯಾಗುತ್ತದೆ. ಕೆಲವು ಕಡೆ ಏನೂ ಆಗುವುದಿಲ್ಲ. ಇನ್ನು ಕೆಲವು ಕಡೆ ಜಾಸ್ತಿಯೇ ಆಗುತ್ತದೆ. ಆಗ ಫೋನ್ ಬರುತ್ತದೆ: “ಎಂತ ಮಾರಾಯ್ರೇ, ಪ್ಯಾಡ್ ಹಾಕಿದ ಮೇಲೆ ಮೇಲಿನವರು ಮತ್ತೂ ಜೋರು ಬೊಬ್ಬೆ ಹೊಡೀತಾರಲ್ಲ!” ಪ್ಯಾಡ್ ಕೆಟ್ಟದ್ದು ಅಂತಲ್ಲ. ಆ ಯಂತ್ರದ ವೇಗಕ್ಕೆ, ಆ ತೂಕಕ್ಕೆ ಅದು ಹೊಂದುವುದಿಲ್ಲ, ಅಷ್ಟೇ.

ಅಂಗಡಿಯಲ್ಲಿ ಎಲ್ಲವನ್ನೂ ‘ಡ್ಯಾಂಪರ್’ ಅಂತಲೇ ಮಾರುತ್ತಾರೆ. ಆದರೆ ಅದುರು ಕಡಿಮೆ ಮಾಡುವ ದಾರಿಗಳು ಬೇರೆ ಬೇರೆ. ಅದುರಿನ ಮೂಲವನ್ನೇ ಸರಿಮಾಡುವುದು ಒಂದು. ವೇಗ ಬದಲಿಸಿ ರೆಸೊನೆನ್ಸ್‌ನಿಂದ ತಪ್ಪಿಸಿಕೊಳ್ಳುವುದು ಇನ್ನೊಂದು (ಯಂತ್ರದ ವೇಗ ವಸ್ತುವಿನ ಸಹಜ ಲಯಕ್ಕೆ ಹೊಂದಿ ಅದುರು ಬೆಳೆಯುವುದೇ ರೆಸೊನೆನ್ಸ್). ಮೆತ್ತನೆಯ ಸ್ಪ್ರಿಂಗ್ ಅಥವಾ ರಬ್ಬರಿನ ಮೇಲೆ ಕೂರಿಸಿ ನೆಲದಿಂದ ಬೇರೆ ಮಾಡುವುದು ಮತ್ತೊಂದು. ಕಂಪನದ ಶಕ್ತಿಯನ್ನು ಬಿಸಿಯಾಗಿ ಕರಗಿಸುವ ನಿಜವಾದ ಡ್ಯಾಂಪಿಂಗ್ ಕೊನೆಯದು. ನನ್ನ ಮಾತು ಇಷ್ಟೇ: ಡ್ಯಾಂಪಿಂಗ್ ಕೆಲಸ ಕೊಡುವುದು ರೆಸೊನೆನ್ಸ್ ಇರುವಲ್ಲಿ ಮಾತ್ರ. ಅದು ಇದೆಯೋ ಇಲ್ಲವೋ ಗೊತ್ತಾಗುವ ತನಕ ಪರ್ಸಿಗೆ ಕೈ ಹಾಕಬೇಡಿ.

ಮೊದಲು ಸ್ವಿಚ್ ಆಫ್ ಮಾಡಿ ನೋಡಿ

ಗೊತ್ತುಮಾಡಿಕೊಳ್ಳಲು ಯಾವ ಮೀಟರೂ ಬೇಡ. ಬ್ಲೋವರ್ ಪೂರ್ತಿ ವೇಗದಲ್ಲಿ ಓಡಲಿ. ಒಬ್ಬರು ಬೆಲ್ಟಿನಿಂದ ದೂರ ನಿಂತು ಫ್ರೇಮಿನ ಮೇಲೆ ಅಂಗೈ ಇಡಲಿ. ಇನ್ನೊಬ್ಬರು ಸ್ವಿಚ್ ಆಫ್ ಮಾಡಲಿ. ಫ್ಯಾನ್ ತಾನಾಗಿಯೇ ನಿಧಾನವಾಗಿ ನಿಲ್ಲಬೇಕು. ವೇಗ ಬದಲಿಸುವ ಡ್ರೈವ್ ಹಾಕಿದ್ದರೆ ಅದು ಬ್ರೇಕ್ ಹಾಕಿ ನಿಲ್ಲಿಸದಂತೆ ಸೆಟ್ ಮಾಡಿಕೊಳ್ಳಿ.

ಸ್ವಿಚ್ ಟಕ್ ಅಂದ ಕ್ಷಣದಲ್ಲೇ ಅದುರು ಮಾಯವಾಯಿತಾ? ಹಾಗಾದರೆ ಅದು ಕರೆಂಟಿನದ್ದು. ನಮ್ಮಲ್ಲಿ 50 ಹರ್ಟ್ಸ್ ಕರೆಂಟು. ಮೋಟಾರಿನ ಒಳಗಿನ ಕಾಂತದ ಎಳೆತ ಅದರ ಎರಡು ಪಟ್ಟು, ಅಂದರೆ ಸೆಕೆಂಡಿಗೆ 100 ಸಲ ಬಡಿಯುತ್ತದೆ. ಮೋಟಾರ್ ರಿಪೇರಿಯವರಿಗೆ ತೋರಿಸಿ, ಪ್ಯಾಡಿನವರಿಗೆ ಬೇಡ.

ವೇಗ ಇಳಿದಂತೆ ಅದುರೂ ಸಮವಾಗಿ ಇಳಿಯುತ್ತಾ ಹೋಯಿತಾ? ಇದು ಸುಮ್ನೆ ತೂಕ ತಪ್ಪಿದ ಲಕ್ಷಣ. ರೆಸೊನೆನ್ಸ್ ಇಲ್ಲ.

ಫ್ಯಾನ್ ಇನ್ನೂ ಜೋರಾಗಿ ತಿರುಗುತ್ತಿದೆ, ಆದರೆ ಮೊದಲ ಕೆಲವೇ ಸೆಕೆಂಡಿನಲ್ಲಿ ಅದುರು ದಬಕ್ಕನೆ ಬಿದ್ದುಹೋಯಿತಾ? ಹಾಗಾದರೆ ನೀವು ದಿನವೂ ಯಂತ್ರವನ್ನು ಸರಿಯಾಗಿ ರೆಸೊನೆನ್ಸ್ ಮೇಲೆಯೇ ಓಡಿಸುತ್ತಿದ್ದೀರಿ.

ಕೊನೆಯ ಸಾಧ್ಯತೆ: ಓಡುವಾಗ ಪರವಾಗಿಲ್ಲ, ನಿಲ್ಲುವಾಗ ಮಧ್ಯದಲ್ಲೊಮ್ಮೆ ಗಡಗಡ ಅಂದು ಮತ್ತೆ ಸುಮ್ಮನಾಗುತ್ತದೆ. ಇದಕ್ಕೆ ಹೆದರಬೇಡಿ. ಯಂತ್ರ ರೆಸೊನೆನ್ಸ್‌ಗಿಂತ ಮೇಲಿನ ವೇಗದಲ್ಲಿ ಓಡುತ್ತಿದೆ ಅಂತ ಅರ್ಥ. ಒಳ್ಳೆಯ ಸ್ಪ್ರಿಂಗ್ ಮೌಂಟಿನ, ಅಂದರೆ ಸ್ಪ್ರಿಂಗಿನ ಕಾಲಿನ, ಮೇಲೆ ಕೂತ ಯಂತ್ರ ಹೀಗೇ ಮಾಡುತ್ತದೆ.

ಇದೇ ಪರೀಕ್ಷೆಯನ್ನು ಮೇಲಿನ ಮನೆಯಲ್ಲೂ ಮಾಡಿ. ಕೆಳಗೆ ಫ್ರೇಮ್ ಸಭ್ಯವಾಗಿರುತ್ತದೆ, ಮೇಲೆ ಸ್ಲ್ಯಾಬೋ ಕಿಟಕಿಯೋ ರೆಸೊನೆನ್ಸ್‌ನಲ್ಲಿರುತ್ತದೆ. ಹಾಗೂ ಆಗುವುದುಂಟು. ಮೇಲಿನವರು ಒಳಗೆ ಬಿಡುತ್ತಾರಾ ಅನ್ನುವುದು ಬೇರೆ ಪ್ರಶ್ನೆ. ಮೈಸೂರುಪಾಕಿನ ಡಬ್ಬಿ ಹಿಡಿದುಕೊಂಡು ಹೋದರೆ ಬಿಡುತ್ತಾರೆ.

ಅಂಕಿ ಬೇಕು ಅನ್ನುವವರಿಗೆ ಮೊಬೈಲ್ ಸಾಕು. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿದ ಫೈಫಾಕ್ಸ್ ಅನ್ನುವ ಆ್ಯಪ್ ಪುಕ್ಕಟೆ ಸಿಗುತ್ತದೆ. ಮೊಬೈಲನ್ನು ನೆಲದ ಮೇಲೆ ಒತ್ತಿ ಕೂರಿಸಿ. ಯಾವ ಆವರ್ತನದಲ್ಲಿ (ಸೆಕೆಂಡಿಗೆ ಎಷ್ಟು ಸಲ, ಅಂದರೆ ಎಷ್ಟು ಹರ್ಟ್ಸ್) ಅದುರು ಜಾಸ್ತಿ ಅಂತ ಗೆರೆ ಎದ್ದು ತೋರಿಸುತ್ತದೆ. 24 ಹರ್ಟ್ಸ್ ಹತ್ತಿರ ಗೆರೆ ಎದ್ದರೆ 1440 ಆರ್‌ಪಿಎಂ ಮೋಟಾರ್. 48ರಲ್ಲಿ ಎದ್ದರೆ 2880ರದ್ದು. 16ರಲ್ಲಿ ಎದ್ದರೆ 960ರದ್ದು. ಆರ್‌ಪಿಎಂ ಅನ್ನು 60ರಿಂದ ಭಾಗಿಸಿದರೆ ಹರ್ಟ್ಸ್, ಅಷ್ಟೇ ಲೆಕ್ಕ.

ಸ್ವಲ್ಪ ಲೆಕ್ಕ

ತೂಕ ಇರುವ, ಸ್ವಲ್ಪ ಬಗ್ಗುವ ಪ್ರತಿ ವಸ್ತುವಿಗೂ ತನ್ನದೇ ಒಂದು ಸಹಜ ಆವರ್ತನ ಇರುತ್ತದೆ. ತಟ್ಟಿ ಬಿಟ್ಟರೆ ಅದು ಅದೇ ಲಯದಲ್ಲಿ ಕಂಪಿಸುತ್ತದೆ. ಯಂತ್ರದ ವೇಗ ಆ ಲಯಕ್ಕೆ ಹೊಂದಿಬಿಟ್ಟರೆ ಪ್ರತಿ ಸುತ್ತಿನ ತಳ್ಳು ಹಿಂದಿನದಕ್ಕೆ ಸೇರುತ್ತಾ ಹೋಗುತ್ತದೆ. ಇದೇ ರೆಸೊನೆನ್ಸ್. ಎಲ್ಲಿಯವರೆಗೆ ಬೆಳೆಯುತ್ತದೆ? ಪ್ರತಿ ಸುತ್ತಿನಲ್ಲಿ ಒಳಗೆ ಬರುವಷ್ಟೇ ಶಕ್ತಿ ಡ್ಯಾಂಪಿಂಗ್‌ನಲ್ಲಿ ಕಳೆದುಹೋಗುವ ತನಕ.

ಡ್ಯಾಂಪಿಂಗನ್ನು ಶೇಕಡಾದಲ್ಲಿ ಹೇಳುವ ರೂಢಿ ಇದೆ. ತಳ್ಳಿ ಬಿಟ್ಟ ವಸ್ತು ಒಮ್ಮೆಯೂ ಆ ಕಡೆ ಹಾಯದೆ ಆದಷ್ಟು ಬೇಗ ತನ್ನ ಜಾಗಕ್ಕೆ ಬಂದು ನಿಂತರೆ ಅದು ಶೇ 100. ಬರೀ ಉಕ್ಕಿನ ಫ್ರೇಮಿನಲ್ಲಿ ಶೇ 1 ಇದ್ದರೆ ಹೆಚ್ಚು. ಶೇ 1 ಇದ್ದಲ್ಲಿ ರೆಸೊನೆನ್ಸ್ ಅದುರನ್ನು ಸುಮಾರು 50 ಪಟ್ಟು ಮಾಡುತ್ತದೆ. ಶೇ 5 ಇದ್ದರೆ 10 ಪಟ್ಟು. ಶೇ 10 ಇದ್ದರೆ 5 ಪಟ್ಟು. ರೆಸೊನೆನ್ಸ್‌ನಲ್ಲಿ ಚೂರು ಡ್ಯಾಂಪಿಂಗ್ ಸೇರಿಸಿದರೂ ಲಾಭ ಎಷ್ಟು ದೊಡ್ಡದು, ನೋಡಿ.

ಈಗ ಉಲ್ಟಾ ಬದಿ. ಯಂತ್ರವನ್ನು ಮೆತ್ತನೆಯ ಮೌಂಟಿನ ಮೇಲೆ ಕೂರಿಸಿದ್ದೀರಿ. ಯಂತ್ರದ ಆವರ್ತನ ಮೌಂಟಿನ ಸಹಜ ಆವರ್ತನದ ಮೂರು ಪಟ್ಟು ಇದೆ. ಆಗ ಡ್ಯಾಂಪಿಂಗ್ ಇಲ್ಲದಿದ್ದರೆ ನೆಲಕ್ಕೆ ಹೋಗುವ ಬಲ ಎಂಟನೇ ಒಂದು ಭಾಗ, ಅಂದರೆ ಶೇ 12.5. ಶೇ 20 ಡ್ಯಾಂಪಿಂಗ್ ಸೇರಿಸಿದರೆ ಅದೇ ಬಲ ಶೇ 19ಕ್ಕೆ ಏರುತ್ತದೆ. ಹೌದು, ಏರುತ್ತದೆ. ರೆಸೊನೆನ್ಸ್ ದಾಟಿ ಮೇಲೆ ಓಡುವ ಯಂತ್ರಕ್ಕೆ ಜಾಸ್ತಿ ಡ್ಯಾಂಪಿಂಗ್ ಅಂದರೆ ನೆಲಕ್ಕೆ ಇನ್ನೊಂದು ದಾರಿ ಮಾಡಿಕೊಟ್ಟ ಹಾಗೆ. ಮಾರುವವರು ಈ ಮಾತು ಹೇಳುವುದು ಕಡಿಮೆ.

ಗಡಿ ಎಲ್ಲಿದೆ? ಯಂತ್ರದ ಆವರ್ತನವು ಮೌಂಟಿನ ಆವರ್ತನದ 1.41 ಪಟ್ಟು ಆಗುವ ತನಕ ಮೌಂಟ್ ಏನೂ ಉಳಿಸುವುದಿಲ್ಲ, ಬದಲಿಗೆ ಹೆಚ್ಚಿಸುತ್ತದೆ. ಅದರಿಂದ ಮೇಲೆ ಲಾಭ ಶುರು. ಮೂರು ಪಟ್ಟು ಇದ್ದರೆ ನೆಮ್ಮದಿ.

ಖರ್ಚಿಲ್ಲದ ಆಯ್ಕೆ: ಸ್ಕ್ರೇಪರ್ ಮತ್ತು ಸ್ಪ್ಯಾನರ್

ಅಡುಗೆಮನೆಯ ಬ್ಲೋವರ್ ಅದುರಿದರೆ ನಾನು ಮೊದಲು ಕೇಳುವುದು ಒಂದೇ: ಇಂಪೆಲ್ಲರ್, ಅಂದರೆ ಒಳಗೆ ತಿರುಗುವ ಬ್ಲೇಡಿನ ಚಕ್ರ, ಕೊನೆಗೆ ಯಾವಾಗ ತೊಳೆದಿದ್ದು? ವಡೆ, ಬಜ್ಜಿ ಕರಿಯುವ ಎಣ್ಣೆಯ ಆವಿ ಬ್ಲೇಡುಗಳಿಗೆ ಅಂಟಿ ಡಾಂಬರಿನಂತೆ ಗಟ್ಟಿಯಾಗುತ್ತದೆ. ಸಮನಾಗಿ ಅಂಟಿದರೆ ತೊಂದರೆಯಿಲ್ಲ. ಆದರೆ ಒಂದು ದಿನ ಒಂದು ಕಡೆಯ ಹೆಪ್ಪು ಕಿತ್ತು ಬೀಳುತ್ತದೆ. ಅಲ್ಲಿಂದ ತೂಕ ತಪ್ಪುತ್ತದೆ. ಒಂದು ಲೆಕ್ಕ ನೋಡಿ. ನಡುವಿನಿಂದ 25 ಸೆಂಟಿಮೀಟರ್ ದೂರದಲ್ಲಿ ಬರೀ 50 ಗ್ರಾಂ ಹೆಚ್ಚಿದೆ ಅಂದುಕೊಳ್ಳಿ. 960 ಆರ್‌ಪಿಎಂನಲ್ಲಿ ಅದು ಸುಮಾರು 13 ಕಿಲೋ ತೂಕದಷ್ಟು ಬಲದಿಂದ ಸುತ್ತಲೂ ಎಳೆಯುತ್ತದೆ. 1440ರಲ್ಲಿ 29 ಕಿಲೋ. ವೇಗ ಒಂದೂವರೆ ಪಟ್ಟಾದರೆ ಬಲ ಎರಡೂಕಾಲು ಪಟ್ಟು.

ಹಾಗಾಗಿ ಸ್ವಿಚ್ ಪರೀಕ್ಷೆಯಲ್ಲಿ ಅದುರು ಸಮವಾಗಿ ಇಳಿದರೆ ಬೇರೆ ಯಾವ ಆಯ್ಕೆಯನ್ನೂ ಯೋಚಿಸಬೇಡಿ. ಮೇನ್ ಸ್ವಿಚ್ ತೆಗೆದು, ಫ್ಯೂಸ್ ಕೈಯಲ್ಲಿ ಹಿಡಿದುಕೊಂಡು, ಇಂಪೆಲ್ಲರ್ ಕೆರೆಸಿ. ಬಿಸಿನೀರು, ಕಾಸ್ಟಿಕ್ ಸೋಡಾ, ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ. ಇಂಪೆಲ್ಲರ್ ಅಲ್ಯುಮಿನಿಯಂನದ್ದಾದರೆ ಕಾಸ್ಟಿಕ್ ಮುಟ್ಟಿಸಬೇಡಿ, ಲೋಹವನ್ನೇ ತಿಂದುಬಿಡುತ್ತದೆ. ತೊಳೆದ ಮೇಲೂ ಅದುರು ಇದ್ದರೆ ಬ್ಯಾಲೆನ್ಸಿಂಗ್ ಮಾಡುವವರನ್ನು ಕರೆಸಿ. ಯಂತ್ರ ಬಿಚ್ಚದೆ, ಇದ್ದಲ್ಲೇ ತೂಕ ಸರಿಮಾಡಿಕೊಡುತ್ತಾರೆ. ಕೆಲಸ ಮುಗಿದ ಮೇಲೆ ಬೇರಿಂಗಿನ ಮೇಲೆ ಅಳತೆ ತೋರಿಸಲು ಹೇಳಿ. 15 ಕಿಲೋವ್ಯಾಟ್ ಒಳಗಿನ ಯಂತ್ರಗಳಿಗೆ ಐಎಸ್‌ಒ 10816 ಅನ್ನುವ ಹಳೆಯ ಮಾನದಂಡದ ಪ್ರಕಾರ (2016ರಲ್ಲಿ 20816 ಅದರ ಜಾಗಕ್ಕೆ ಬಂತು) ಸೆಕೆಂಡಿಗೆ 1.8 ಮಿಲಿಮೀಟರ್ ತನಕ ಪರವಾಗಿಲ್ಲ. 4.5 ದಾಟಿದರೆ ನಿಲ್ಲಿಸುವುದೇ ಮೇಲು.

ಬೋಲ್ಟ್ ಸಡಿಲ, ಬೆಲ್ಟ್ ಸವೆತ, ಪುಲ್ಲಿ ಓರೆ: ಇವನ್ನೂ ಅದೇ ದಿನ ನೋಡಿಬಿಡಿ.

ವೇಗ ಬದಲಿಸುವುದು

ಮೂರನೇ ಉತ್ತರ ಬಂದವರಿಗೆ, ಅಂದರೆ ಸ್ವಿಚ್ ತೆಗೆದ ಕೆಲವೇ ಸೆಕೆಂಡಿನಲ್ಲಿ ಅದುರು ದಬಕ್ಕನೆ ಬಿದ್ದವರಿಗೆ, ನನ್ನ ಮೊದಲ ಸಲಹೆ ಇದು. ಶೇ 1 ಡ್ಯಾಂಪಿಂಗಿನ ಫ್ರೇಮ್ ರೆಸೊನೆನ್ಸ್‌ನಲ್ಲಿ 50 ಪಟ್ಟು ಕುಣಿಯುತ್ತದೆ ಅಂದೆನಲ್ಲ, ವೇಗವನ್ನು ಶೇ 20 ಇಳಿಸಿದರೆ ಅದೇ ಫ್ರೇಮ್ ಮೂರು ಪಟ್ಟಿಗಿಂತ ಕಡಿಮೆ. ಇಷ್ಟು ಲಾಭ ಕೊಡುವ ಪ್ಯಾಡ್ ಯಾವ ಅಂಗಡಿಯಲ್ಲೂ ಇಲ್ಲ.

ಬೆಲ್ಟಿನ ಬ್ಲೋವರ್ ಆದರೆ ಪುಲ್ಲಿ ಬದಲಿಸಿ. ಮೋಟಾರಿಗೆ 4 ಇಂಚು, ಫ್ಯಾನಿಗೆ 6 ಇಂಚು ಪುಲ್ಲಿ ಇದ್ದರೆ 1440ರ ಮೋಟಾರ್ ಫ್ಯಾನನ್ನು 960ರಲ್ಲಿ ತಿರುಗಿಸುತ್ತದೆ. ಫ್ಯಾನಿನ ಪುಲ್ಲಿ 7 ಇಂಚು ಮಾಡಿದರೆ ಸುಮಾರು 820. ಗಾಳಿ ವೇಗದಷ್ಟೇ ಕಡಿಮೆಯಾಗುತ್ತದೆ, ಅದನ್ನು ಒಪ್ಪಿಕೊಳ್ಳಬೇಕು. ಆದರೆ ಕರೆಂಟು ವೇಗದ ಘನದ ಲೆಕ್ಕದಲ್ಲಿ ಇಳಿಯುತ್ತದೆ: ವೇಗ ಶೇ 10 ಇಳಿದರೆ ವಿದ್ಯುತ್ ಸುಮಾರು ಶೇ 27 ಕಡಿಮೆ. ಹೊಗೆ ತುಂಬಿಕೊಳ್ಳದಿದ್ದರೆ ಇದು ಎರಡು ಕಡೆ ಲಾಭ. ವೇಗ ಏರಿಸುವ ಆಸೆ ಬೇಡ. ಮೋಟಾರಿನ ಹೊರೆ ಘನದ ಲೆಕ್ಕದಲ್ಲೇ ಏರುತ್ತದೆ, ಸುಟ್ಟುಹೋಗುತ್ತದೆ.

ಡ್ರೈವ್, ಅಂದರೆ ವಿಎಫ್‌ಡಿ, ಹಾಕಿದವರು ಒಂದು ಸೆಟ್ಟಿಂಗ್ ಮರೆಯುತ್ತಾರೆ. ಹೆಚ್ಚಿನ ಡ್ರೈವ್‌ಗಳಲ್ಲಿ ಸ್ಕಿಪ್ ಫ್ರೀಕ್ವೆನ್ಸಿ ಅಂತ ಇರುತ್ತದೆ. ಅದುರುವ ವೇಗವನ್ನು ಅಲ್ಲಿ ಬರೆದಿಟ್ಟರೆ ಡ್ರೈವ್ ಆ ವೇಗದಲ್ಲಿ ನಿಲ್ಲುವುದೇ ಇಲ್ಲ, ಹಾರಿ ದಾಟುತ್ತದೆ. ಆ ಸೆಟ್ಟಿಂಗ್ ಇಲ್ಲದೆ ಕುಕ್ ಮನಸ್ಸಿಗೆ ಬಂದ ಹಾಗೆ ನಾಬ್ ತಿರುಗಿಸಿದರೆ ಒಂದಲ್ಲ ಒಂದು ವೇಗದಲ್ಲಿ ಯಾವುದೋ ಪೈಪು ಕುಣಿದೇ ಕುಣಿಯುತ್ತದೆ.

ವೇಗ ಬದಲಿಸಲಾಗದಿದ್ದರೆ ಫ್ರೇಮನ್ನೇ ಬಿಗಿ ಮಾಡಿ. ಆ್ಯಂಗಲ್ ಸ್ಟ್ಯಾಂಡಿಗೆ ಒಂದು ಅಡ್ಡ ಬ್ರೇಸಿಂಗ್ ಬೆಸುಗೆ ಹಾಕಿದರೆ ಸಹಜ ಆವರ್ತನ ಮೇಲೆ ಹೋಗುತ್ತದೆ. ಅರ್ಧ ದಿನದ ಕೆಲಸ.

ರಬ್ಬರಾ, ಸ್ಪ್ರಿಂಗಾ?

ನಿಜವಾದ ಹೋಲಿಕೆ ಬೇಕಾಗುವುದು ಇಲ್ಲಿ. ಮೌಂಟಿನ ಹೆಸರು, ಬಣ್ಣ, ಬ್ರ್ಯಾಂಡ್ ಎಲ್ಲ ಆಮೇಲೆ. ಕೇಳಬೇಕಾದ್ದು ಒಂದು ಸಂಖ್ಯೆ: ಯಂತ್ರದ ತೂಕ ಬಿದ್ದಾಗ ಅದು ಎಷ್ಟು ಮಿಲಿಮೀಟರ್ ತಗ್ಗುತ್ತದೆ? ಅದರ ವರ್ಗಮೂಲದಿಂದ 15.8 ಅನ್ನು ಭಾಗಿಸಿದರೆ ಮೌಂಟಿನ ಸಹಜ ಆವರ್ತನ ಹರ್ಟ್ಸ್‌ನಲ್ಲಿ ಸಿಗುತ್ತದೆ. 1 ಮಿಲಿಮೀಟರ್ ತಗ್ಗಿದರೆ ಸುಮಾರು 16 ಹರ್ಟ್ಸ್. 6 ಮಿಲಿಮೀಟರಿಗೆ 6.4. 25 ಮಿಲಿಮೀಟರಿಗೆ ಸುಮಾರು 3.

ಗೀರುಗೀರಾದ ಚಪ್ಪಟೆ ರಬ್ಬರ್ ಪ್ಯಾಡ್ ಇದೆಯಲ್ಲ, ಎಲ್ಲರೂ ತರುವುದು ಅದನ್ನೇ. ಅದು ತಗ್ಗುವುದು ಹೆಚ್ಚೆಂದರೆ ಒಂದು ಮಿಲಿಮೀಟರಿನಷ್ಟು. ಲೆಕ್ಕಕ್ಕೆ 16 ಹರ್ಟ್ಸ್. ರಬ್ಬರು ಅದುರುವಾಗ ಸುಮ್ನೆ ಕೂತಾಗಿನದಕ್ಕಿಂತ ಗಟ್ಟಿಯಾಗಿ ವರ್ತಿಸುವುದರಿಂದ ನಿಜದಲ್ಲಿ 18–20 ಹರ್ಟ್ಸ್ ತನಕ ಹೋಗುತ್ತದೆ. ಅದರ ಮೇಲೆ 24 ಹರ್ಟ್ಸಿನ 1440 ಬ್ಲೋವರ್ ಇಟ್ಟರೆ? ಅನುಪಾತ 1.2ರಿಂದ 1.33. ಗಡಿ 1.41 ಅಂತ ಆಗಲೇ ನೋಡಿದೆವು. ಅಂದರೆ ನೆಲಕ್ಕೆ ಹೋಗುವ ಬಲ ಮೊದಲಿಗಿಂತ ಜಾಸ್ತಿ. ಫೋನಿನ ಬೊಬ್ಬೆಗೆ ಕಾರಣ ಇದೇ. ಅದೇ ಪ್ಯಾಡನ್ನು 2880ರ ಪಂಪಿನ ಕೆಳಗೆ ಇಡಿ. ಆವರ್ತನ 48. ಅಲ್ಲಿ ಅದು ತಕ್ಕಮಟ್ಟಿಗೆ ಕೆಲಸ ಮಾಡುತ್ತದೆ.

1440ರ ಯಂತ್ರಕ್ಕೆ ಬೇಕಾದ್ದು 6 ಮಿಲಿಮೀಟರಿನಷ್ಟು ತಗ್ಗುವ ರಬ್ಬರ್ ಮೌಂಟ್. ಲೋಹದ ತಟ್ಟೆಗಳ ನಡುವೆ ರಬ್ಬರಿನ ದಪ್ಪ ಗಡ್ಡೆ ಇರುವಂಥದ್ದು. ಲೆಕ್ಕದ ಪ್ರಕಾರ ನೆಲಕ್ಕೆ ಹೋಗುವುದು ಶೇ 8ರಷ್ಟು. ಹೆಚ್ಚಿನ ಹೋಟೆಲುಗಳಿಗೆ, ನೆಲ ಗಟ್ಟಿ ಇದ್ದರೆ, ಇದು ಸಾಕು. ನನ್ನ ಮಟ್ಟಿಗೆ ಬೆಲೆಗೆ ತಕ್ಕ ಆಯ್ಕೆಯೂ ಇದೇ. ರಬ್ಬರಿನಲ್ಲಿ ಶೇ 5ರ ಸುಮಾರಿಗೆ ಡ್ಯಾಂಪಿಂಗ್ ತಾನಾಗಿಯೇ ಇರುತ್ತದೆ. ಹಾಗಾಗಿ ಶುರುವಾಗುವಾಗ, ನಿಲ್ಲುವಾಗ ಗಡಗಡ ಕಡಿಮೆ.

960ರ ದೊಡ್ಡ ಬ್ಲೋವರಿಗೆ ಅದೇ ಮೌಂಟ್ ಶೇ 19ರಷ್ಟನ್ನು ಬಿಟ್ಟುಬಿಡುತ್ತದೆ. 25 ಮಿಲಿಮೀಟರ್ ತಗ್ಗುವ ಉಕ್ಕಿನ ಸ್ಪ್ರಿಂಗ್ ಬಿಡುವುದು ಶೇ 4. ಮೇಲೆ ಮಲಗುವ ಕೋಣೆ ಇದ್ದರೆ ಈ ವ್ಯತ್ಯಾಸ ಗೊತ್ತಾಗುತ್ತದೆ. ಯಂತ್ರ ಟೆರೇಸಿನ ಮೇಲಿದ್ದರೂ ಸ್ಪ್ರಿಂಗೇ ಬೇಕು. ಸ್ಲ್ಯಾಬ್ ತಾನೇ ಸ್ವಲ್ಪ ಬಗ್ಗುತ್ತದೆ. ಮೌಂಟ್ ಅದಕ್ಕಿಂತ ಹಲವು ಪಟ್ಟು ಬಗ್ಗದಿದ್ದರೆ ಮೌಂಟ್ ಇದ್ದೂ ಇಲ್ಲದ ಹಾಗೆ. ಹಳೆಯ ಮುಂಬೈ ಕಟ್ಟಡಗಳ ಮರದ ತೊಲೆಯ ಮಾಳಿಗೆಯಲ್ಲಿ, ಪೋಟಮಾಳಾದಲ್ಲಿ (ಮಹಡಿಯ ಕೆಳಗಿನ ಅಟ್ಟದಲ್ಲಿ) ಯಂತ್ರ ಇಟ್ಟವರಿಗೆ ಈ ಮಾತು ಇನ್ನೂ ಜಾಸ್ತಿ ಅನ್ವಯ.

ಸ್ಪ್ರಿಂಗಿನ ತಲೆನೋವು ಮೂರು. ಡ್ಯಾಂಪಿಂಗ್ ಇಲ್ಲವೇ ಇಲ್ಲ ಅನ್ನಬಹುದು, ಹಾಗಾಗಿ ಶುರುವಾಗುವಾಗ ಯಂತ್ರ ತೂಗಾಡುತ್ತದೆ. ಅಲುಗಾಟಕ್ಕೆ ಮಿತಿ ಹಾಕುವ ಸ್ನಬ್ಬರ್ ಬೇಕು. ಜೊತೆಗೆ ಯಂತ್ರದಷ್ಟೇ, ಸಾಧ್ಯವಾದರೆ ಅದರ ಎರಡು ಪಟ್ಟು ತೂಕದ ಕಾಂಕ್ರೀಟ್ ತಳ ಹಾಕಿ ಒಟ್ಟಿಗೆ ಸ್ಪ್ರಿಂಗ್ ಮೇಲೆ ಕೂರಿಸಿದರೆ ಕುಣಿತ ಇಳಿಯುತ್ತದೆ. ಎರಡನೆಯದು, ಮೇಲ್ಮಟ್ಟದ ಆವರ್ತನದ ಸದ್ದು ಸ್ಪ್ರಿಂಗಿನ ಸುರುಳಿಯ ಮೂಲಕವೇ ಸಾಗಿ ನೆಲ ಸೇರುತ್ತದೆ. ಅದಕ್ಕೇ ಒಳ್ಳೆಯ ಸ್ಪ್ರಿಂಗ್ ಮೌಂಟಿನ ತಳದಲ್ಲಿ ತೆಳು ನಿಯೋಪ್ರೀನ್ ಹಾಳೆ ಇರುತ್ತದೆ. ಅದಿಲ್ಲದ್ದನ್ನು ತರಬೇಡಿ. ಮೂರನೆಯದು ತುಕ್ಕು, ಅದನ್ನು ಗೋವಾದ ಮಾತು ಬಂದಾಗ ಹೇಳುತ್ತೇನೆ.

ರಬ್ಬರಿನ ಶತ್ರು ಎಣ್ಣೆ. ನ್ಯಾಚುರಲ್ ರಬ್ಬರ್ ಎಣ್ಣೆ ಬಿದ್ದರೆ ಊದಿಕೊಂಡು ಮೆತ್ತಗಾಗುತ್ತದೆ. ಅಡುಗೆಮನೆಗೆ ನಿಯೋಪ್ರೀನ್ ಅಥವಾ ನೈಟ್ರೈಲ್ ಕೇಳಿ ತನ್ನಿ. ಕಾರ್ಕ್ ಹಾಳೆ ಈಗ ಯಾಕೆ ಬೇಕು ಅಂತ ನನಗೆ ಗೊತ್ತಾಗುವುದಿಲ್ಲ. ತುಂಬ ಗಟ್ಟಿ, ನೀರು ಕುಡಿದು ಕೊಳೆಯುತ್ತದೆ.

ಇನ್ನು ದೋಸೆ ಹಿಟ್ಟಿನ ದೊಡ್ಡ ಗ್ರೈಂಡರ್. ಅದರ ಡ್ರಮ್ ಸೆಕೆಂಡಿಗೆ ಒಂದೆರಡು ಸುತ್ತು ಅಷ್ಟೇ. ಆ ನಿಧಾನದ ತೂಗಾಟವನ್ನು ಯಾವ ಮೌಂಟೂ ಬೇರೆ ಮಾಡಲಾರದು. ಪ್ಯಾಡ್ ಹಾಕಿದರೆ ಮೋಟಾರಿನ ಸದ್ದಷ್ಟೇ ಇಳಿಯುತ್ತದೆ. ಪೋಟಮಾಳಾದಿಂದ ಕೆಳಗಿಳಿಸಿ ಭೂಮಿಗೆ ತಾಗಿದ ನೆಲದ ಮೇಲೆ ಇಡಿ. ಇಲ್ಲವಾದರೆ ರುಬ್ಬುವ ಹೊತ್ತು ಬದಲಿಸಿ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಅಂದರೆ 10ರಿಂದ ಬೆಳಿಗ್ಗೆ 6. ವಸತಿ ಪ್ರದೇಶದಲ್ಲಿ ಆಗ ಮಿತಿ 45 ಡೆಸಿಬಲ್, ಹಗಲಿಗೆ 55. ಐದೂವರೆ ಕಾನೂನಿನ ಲೆಕ್ಕದಲ್ಲಿ ರಾತ್ರಿಯೇ.

ಡ್ಯಾಂಪಿಂಗಿಗೆ ದುಡ್ಡು ಯಾವಾಗ ಹಾಕಬೇಕು

ಅದುರಿನ ಆವರ್ತನ ನಮ್ಮ ಕೈಯಲ್ಲಿಲ್ಲ, ಅಥವಾ ನೂರಾರು ಆವರ್ತನಗಳು ಒಟ್ಟಿಗೆ ಬರುತ್ತವೆ ಅನ್ನುವಾಗ. ಗಾಳಿ ಸಾಗಿಸುವ ತಗಡಿನ ಡಕ್ಟ್ ಒಳ್ಳೆಯ ಉದಾಹರಣೆ. ಗಾಳಿಯ ಹೊಡೆತದಲ್ಲಿ ಎಲ್ಲ ಆವರ್ತನವೂ ಇರುತ್ತದೆ. ತಗಡು ತನಗೆ ಹೊಂದುವುದನ್ನು ಆರಿಸಿಕೊಂಡು ಡಂಯ್ ಅನ್ನುತ್ತದೆ. ಇಲ್ಲಿ ವೇಗ ಬದಲಿಸಿ ಪ್ರಯೋಜನವಿಲ್ಲ. ತಗಡಿನ ಮೇಲೆ ಅಂಟು ಪದರ, ಅದರ ಮೇಲೆ ಇನ್ನೊಂದು ತೆಳು ತಗಡು ಹಾಕಬೇಕು. ತಗಡು ಬಗ್ಗಿದಾಗ ನಡುವಿನ ಪದರ ಜಾರುತ್ತಾ ಶಕ್ತಿಯನ್ನು ಬಿಸಿ ಮಾಡಿ ಕರಗಿಸುತ್ತದೆ. ಪುಣೆಯ ಕಾರು ಕಂಪನಿಗಳ ಎನ್‌ವಿಎಚ್, ಅಂದರೆ ಸದ್ದು-ಅದುರು ತಗ್ಗಿಸುವ, ವಿಭಾಗದಲ್ಲಿ ಕೆಲಸ ಮಾಡುವ ನಮ್ಮ ಹುಡುಗರಿಗೆ ಇದು ದಿನದ ಮಾತು. ಕಾರಿನ ಬಾಗಿಲಿನ ಒಳಗೆ ಅಂಟಿಸುವ ಬಿಟುಮೆನ್ ಹಾಳೆ ಇದರದ್ದೇ ಸರಳ ರೂಪ. ಆದರೆ ಆ ಹಾಳೆಯನ್ನು ಒಲೆಯ ಮೇಲಿನ ಹುಡ್‌ಗೆ ಅಂಟಿಸುವ ಸಾಹಸ ಬೇಡ. ಬಿಸಿಗೆ ಕರಗುತ್ತದೆ, ಎಣ್ಣೆಯ ಹತ್ತಿರ ಉರಿಯಲೂಬಹುದು.

ಮೂಲ ಕೈಯಲ್ಲಿಲ್ಲದ ಇನ್ನೊಂದು ಉದಾಹರಣೆ ಲಂಡನ್ನಿನ ಮಿಲೇನಿಯಂ ಸೇತುವೆ. 2000ದ ಜೂನ್ 10ರಂದು ತೆರೆದರು. ಜನ ನಡೆದಂತೆ ಪಕ್ಕಕ್ಕೆ ತೂಗತೊಡಗಿತು. ಎರಡೇ ದಿನದಲ್ಲಿ ಮುಚ್ಚಿದರು. ಜನರ ನಡಿಗೆ ಬದಲಿಸಲಾಗದು, ಸೇತುವೆಯನ್ನು ಬಿಗಿ ಮಾಡಿದರೆ ಅದರ ತೆಳು ಅಂದ ಹೋಗುತ್ತದೆ. ದ್ರವ ತುಂಬಿದ 37 ವಿಸ್ಕಸ್ ಡ್ಯಾಂಪರ್, 50ಕ್ಕೂ ಹೆಚ್ಚು ಟ್ಯೂನ್ಡ್ ಮಾಸ್ ಡ್ಯಾಂಪರ್ ಹಾಕಿ 2002ರಲ್ಲಿ ಮತ್ತೆ ತೆರೆದರು.

ಈ ಟ್ಯೂನ್ಡ್ ಮಾಸ್ ಅಂದರೆ ಅದುರುವ ವಸ್ತುವಿಗೆ ಅದೇ ಆವರ್ತನದ ಇನ್ನೊಂದು ಚಿಕ್ಕ ತೂಕ-ಸ್ಪ್ರಿಂಗ್ ಕಟ್ಟುವುದು. ದೊಡ್ಡದರ ಕುಣಿತವನ್ನು ಚಿಕ್ಕದು ತೆಗೆದುಕೊಳ್ಳುತ್ತದೆ. ತೈಪೆ 101 ಕಟ್ಟಡದಲ್ಲಿ ಗಾಳಿಯ ತೂಗಾಟಕ್ಕೆ 660 ಟನ್ನಿನ ಗೋಳವನ್ನೇ ನೇತುಹಾಕಿದ್ದಾರೆ. ಲೋನಾವಳಾ ದಾರಿಯಲ್ಲಿ ಹೈಟೆನ್ಷನ್ ತಂತಿಗಳಿಗೆ ಟವರಿನ ಹತ್ತಿರ ಡಂಬೆಲ್ ಆಕಾರದ ಸಣ್ಣ ತುಂಡು ಕಾಣುತ್ತದಲ್ಲ, ಸ್ಟಾಕ್‌ಬ್ರಿಜ್ ಡ್ಯಾಂಪರ್, ಅದೂ ಈ ಕುಟುಂಬದ್ದೇ. ಹೋಟೆಲಿಗೆ, ವರ್ಕ್‌ಶಾಪಿಗೆ ಇದು ಬೇಕೇ? ಒಂದೇ ವೇಗದಲ್ಲಿ ಓಡುವ ಪಂಪಿನ ಪೈಪೊಂದು ಕುಣಿಯುತ್ತಿದ್ದರೆ, ಅದಕ್ಕೆ ಕ್ಲ್ಯಾಂಪ್ ಹಾಕಲು ಜಾಗವಿಲ್ಲದಿದ್ದರೆ, ಬೇಕು. ವೇಗ ಸ್ವಲ್ಪ ಬದಲಾದರೂ ಅದು ಕೈಕೊಡುತ್ತದೆ. ಉಳಿದ ಕಡೆ ಬೇಡವೇ ಬೇಡ.

ಪುಣೆಯ ಡ್ರೈ ಬಾಲ್ಕನಿ ಮತ್ತು ಭೋಸರಿಯ ಲೇತ್

ವಾಕಡ್, ಹಿಂಜವಡಿ ಕಡೆಯ ಫ್ಲ್ಯಾಟುಗಳಲ್ಲಿ ವಾಷಿಂಗ್ ಮಷೀನಿನ ಜಾಗ ಡ್ರೈ ಬಾಲ್ಕನಿ. ಅದರ ಕಾಲಿಗೆ ಹಾಕುವ ರಬ್ಬರ್ ಕಪ್ಪು ಆನ್‌ಲೈನಿನಲ್ಲಿ ಬಹಳ ಓಡುತ್ತದೆ. ನಾನು ಕೊಳ್ಳಿ ಅನ್ನುವುದಿಲ್ಲ. ಫ್ರಂಟ್ ಲೋಡ್ ಮಷೀನಿನ ಒಳಗೇ ಡ್ರಮ್ಮು ಸ್ಪ್ರಿಂಗಿನಲ್ಲಿ ನೇತಾಡುತ್ತದೆ, ಕೆಳಗೆ ಡ್ಯಾಂಪರುಗಳು ಹಿಡಿದಿರುತ್ತವೆ, ಕಾಂಕ್ರೀಟಿನ ತೂಕ ಕಟ್ಟಿರುತ್ತದೆ. ಹೊರಗಿನ ಪೆಟ್ಟಿಗೆ ಗಟ್ಟಿಯಾಗಿ ನಿಲ್ಲಬೇಕು ಅಂತಲೇ ಅದನ್ನು ಮಾಡಿರುವುದು. ಕಾಲಿಗೆ ಮೆತ್ತನೆಯದನ್ನು ಕೊಟ್ಟರೆ ಪೆಟ್ಟಿಗೆಯೂ ಕುಣಿಯಲು ಕಲಿಯುತ್ತದೆ.

ಬದಲಿಗೆ ಅದುರು ಯಾವಾಗ ಅಂತ ನೋಡಿ. ಸ್ಪಿನ್ ಶುರುವಾಗುವಾಗ ಮತ್ತು ಮುಗಿಯುವಾಗ ದಡದಡ ಅಂದರೆ ಒಳಗಿನ ಡ್ಯಾಂಪರ್ ಸವೆದಿದೆ. ಡ್ರಮ್ಮು ರೆಸೊನೆನ್ಸ್ ದಾಟುವುದು ಆ ಹೊತ್ತಿನಲ್ಲೇ. ಪೂರ್ತಿ ವೇಗದಲ್ಲಿ ಅದುರಿದರೆ ಕಾಲುಗಳ ಮಟ್ಟ ತಪ್ಪಿದೆ. ನಾಲ್ಕೂ ಕಾಲು ನೆಲಕ್ಕೆ ಕೂರುವಂತೆ ತಿರುಗಿಸಿ ಲಾಕ್ ನಟ್ ಬಿಗಿ ಮಾಡಿ. ಹೊಸ ಮಷೀನ್ ಮೊದಲ ದಿನವೇ ಮನೆ ನಡುಗಿಸಿದರೆ ಸಾಗಿಸುವಾಗ ಡ್ರಮ್ಮು ಹಿಡಿದಿಡುವ ಹಿಂಬದಿಯ ಟ್ರಾನ್ಸಿಟ್ ಬೋಲ್ಟ್ ತೆಗೆದಿಲ್ಲ. ಒಂದೇ ಒಂದು ದಪ್ಪ ಚಾದರ ಹಾಕಿ ಸ್ಪಿನ್ ಮಾಡಿದರೆ ಯಾವ ಮಷೀನೂ ಅದುರುತ್ತದೆ. ಇನ್ನೆರಡು ಬಟ್ಟೆ ಸೇರಿಸಿ.

ಭೋಸರಿಯ ಲೇತ್ ಶಾಪಿನವರ ಕಷ್ಟ ಬೇರೆ. ಬೋರಿಂಗ್ ಮಾಡುವಾಗ, ಅಂದರೆ ತೂತಿನ ಒಳಬದಿ ಕೆತ್ತುವಾಗ, ಟೂಲ್ ಕಿರ್ರ್ ಅಂತ ಕೂಗಿ ಜಾಬಿನ ಮೇಲೆ ಅಲೆಯ ಗುರುತು ಬೀಳುತ್ತದೆ. ಇದು ಚ್ಯಾಟರ್. ತೂಕ ತಪ್ಪಿದ್ದರಿಂದ ಬರುವುದಲ್ಲ, ಕತ್ತರಿಸುವ ಕೆಲಸವೇ ತನ್ನನ್ನು ತಾನು ಅದುರಿಸಿಕೊಳ್ಳುವುದು. ಲೇತಿನ ಕೆಳಗೆ ಪ್ಯಾಡ್ ಹಾಕಿ ಏನೂ ಆಗದು, ಸ್ವಿಚ್ ಪರೀಕ್ಷೆಯೂ ಇಲ್ಲಿ ನಡೆಯದು. ಟೂಲ್ ಹಿಡಿದ ಬಾರ್ ಎಷ್ಟು ಹೊರಗೆ ಚಾಚಿದೆ ನೋಡಿ. ಬಗ್ಗುವುದು ಉದ್ದದ ಘನದ ಲೆಕ್ಕದಲ್ಲಿ: ಚಾಚನ್ನು ಶೇ 20 ತಗ್ಗಿಸಿದರೆ ಬಗ್ಗುವುದು ಅರ್ಧ. ಉಕ್ಕಿನ ಬಾರ್ ತನ್ನ ವ್ಯಾಸದ 4 ಪಟ್ಟು ಚಾಚುವ ತನಕ ಸರಿ, ಕಾರ್ಬೈಡ್ ಸುಮಾರು 6 ಪಟ್ಟು. ಅದಕ್ಕೂ ಆಳಕ್ಕೆ ಹೋಗಬೇಕಾದವರಿಗೆ ಒಳಗೇ ತೂಕ ತೇಲಿಸಿಟ್ಟ ಡ್ಯಾಂಪ್ಡ್ ಬಾರ್ ಸಿಗುತ್ತದೆ, 10 ಪಟ್ಟಿನ ತನಕ. ದುಬಾರಿ. ಮೊದಲು ಸ್ಪಿಂಡಲ್ ವೇಗ ಹಿಂದೆ ಮುಂದೆ ಮಾಡಿ ನೋಡಿ.

ಗೋವಾದ ಜನರೇಟರ್

ಮಳೆಗಾಲದಲ್ಲಿ ಕರೆಂಟು ಹೋದಾಗ ಗೆಸ್ಟ್‌ಹೌಸಿನ ಡೀಸೆಲ್ ಜನರೇಟರ್ ಶುರು, ಪಕ್ಕದ ಮನೆಯವರ ನಿದ್ದೆ ಹಾಳು. ಹೊಸದು ಕೊಳ್ಳುವವರಿಗೆ ಒಂದು ಮಾತು. 1500 ಆರ್‌ಪಿಎಂನಲ್ಲಿ ಓಡುವ ಒಂದೇ ಸಿಲಿಂಡರಿನ ಎಂಜಿನ್ ಎರಡು ಸುತ್ತಿಗೊಮ್ಮೆ ಸಿಡಿಯುತ್ತದೆ, ಅಂದರೆ 12.5 ಹರ್ಟ್ಸ್. 6 ಮಿಲಿಮೀಟರ್ ತಗ್ಗುವ ರಬ್ಬರ್ ಮೌಂಟ್ ಅದರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ನೆಲಕ್ಕೆ ಬಿಡುತ್ತದೆ. ಮೂರು ಸಿಲಿಂಡರಿನದ್ದು 37.5 ಹರ್ಟ್ಸ್‌ನಲ್ಲಿ ಸಿಡಿಯುತ್ತದೆ. ಅದೇ ಮೌಂಟ್ ಅದನ್ನು ಶೇ 3ಕ್ಕೆ ಇಳಿಸುತ್ತದೆ. ಪಕ್ಕದ ಮನೆ ಹತ್ತಿರ ಇದ್ದರೆ ಈ ವ್ಯತ್ಯಾಸಕ್ಕೆ ದುಡ್ಡು ಕೊಡಬಹುದು.

ಮುಚ್ಚಿದ ಪೆಟ್ಟಿಗೆಯೊಳಗಿನ ಕ್ಯಾನೊಪಿ ಸೆಟ್ ಆದರೆ ಎಂಜಿನಿನ ಕೆಳಗೆ ಮೌಂಟ್ ಆಗಲೇ ಇರುತ್ತದೆ. ಅದರ ಕೆಳಗೆ ಇನ್ನೊಂದು ಮೆತ್ತನೆಯ ಪದರ ಸೇರಿಸಿದರೆ ಎರಡು ಸ್ಪ್ರಿಂಗಿನ ವ್ಯವಸ್ಥೆಯಾಗಿ ಹೊಸದೊಂದು ರೆಸೊನೆನ್ಸ್ ಹುಟ್ಟುತ್ತದೆ. ಅದರ ಬದಲು ಸೈಲೆನ್ಸರ್ ಪೈಪ್ ನೋಡಿ. ಎಷ್ಟೋ ಕಡೆ ಮೌಂಟ್ ಸರಿಯಾಗಿಯೇ ಇರುತ್ತದೆ. ಆದರೆ ಪೈಪನ್ನು ನೇರ ಗೋಡೆಗೆ ಕ್ಲ್ಯಾಂಪ್ ಮಾಡಿರುತ್ತಾರೆ. ಎಲ್ಲ ಅದುರೂ ಆ ಪೈಪಿನಲ್ಲಿ ಗೋಡೆ ಸೇರುತ್ತದೆ. ಎಂಜಿನ್ ಹತ್ತಿರ ಬಗ್ಗುವ ಉಕ್ಕಿನ ಬೆಲ್ಲೋಸ್ ಕೊಳವೆ ಹಾಕಿ. ಡೀಸೆಲ್ ಬರುವಲ್ಲಿ ಹೋಸ್ ಇರಲಿ. ಕೇಬಲನ್ನು ಸಡಿಲವಾಗಿ ಒಂದು ಸುತ್ತು ಬಿಟ್ಟು ಕಟ್ಟಿ. ಬ್ಲೋವರಿಗೂ ಇದೇ ಮಾತು: ಡಕ್ಟಿಗೆ ಸೇರುವಲ್ಲಿ ಬೆಂಕಿ ತಡೆಯುವ ಬಟ್ಟೆಯ ಫ್ಲೆಕ್ಸಿಬಲ್ ತುಂಡು ಇಲ್ಲದಿದ್ದರೆ ಸ್ಪ್ರಿಂಗಿಗೆ ಕೊಟ್ಟ ದುಡ್ಡು ನೀರಿಗೆ.

ಸಮುದ್ರದ ಗಾಳಿಯಲ್ಲಿ ಬಣ್ಣ ಬಳಿದ ಸ್ಪ್ರಿಂಗ್ ಉಳಿಯುವುದಿಲ್ಲ. ಸುರುಳಿಯ ಸಂದಿಯಲ್ಲಿ ತುಕ್ಕು ಹಿಡಿದು ಒಂದು ಕಾಲು ಮುರಿದರೆ ತೂಕವೆಲ್ಲ ಉಳಿದ ಮೂರಕ್ಕೆ. ಕಡಲತೀರದಲ್ಲಿ ಗ್ಯಾಲ್ವನೈಸ್ ಮಾಡಿದ್ದೇ ಬೇಕು, ಇಲ್ಲದಿದ್ದರೆ ರಬ್ಬರ್ ಮೌಂಟಿನಲ್ಲೇ ತೃಪ್ತಿಪಡಿ. ರಬ್ಬರಿಗೆ ಬಿಸಿಲು ತಾಗದ ಹಾಗೆ ಮರೆ ಕಟ್ಟಿ. ಸಣ್ಣ ಸಣ್ಣ ಬಿರುಕು ಕಂಡರೆ ಬದಲಿಸುವ ಕಾಲ ಬಂತು.

ಅಂಗಡಿಗೆ ಹೋಗುವಾಗ ಚೀಟಿಯಲ್ಲಿ ನಾಲ್ಕು ಸಂಗತಿ ಬರೆದುಕೊಳ್ಳಿ: ಮೋಟಾರ್ ಮತ್ತು ತಳ ಸೇರಿ ಯಂತ್ರದ ಒಟ್ಟು ತೂಕ, ಆರ್‌ಪಿಎಂ, ಯಾವ ಮೂಲೆಗೆ ಎಷ್ಟು ಭಾರ ಬೀಳುತ್ತದೆ, ನೆಲ ಎಂಥದ್ದು. ಮೋಟಾರ್ ಇರುವ ಬದಿ ಯಾವಾಗಲೂ ಹೆಚ್ಚು ಭಾರ, ಅಲ್ಲಿಗೆ ಬೇರೆ ಗಟ್ಟಿತನದ ಮೌಂಟ್ ಬೇಕಾಗುತ್ತದೆ. ನಾಲ್ಕೂ ಒಂದೇ ತಂದರೆ ಯಂತ್ರ ವಾಲಿ ಕೂರುತ್ತದೆ. ಅಂಗಡಿಯವರು ಆ ಭಾರಕ್ಕೆ ಮೌಂಟ್ ಎಷ್ಟು ಮಿಲಿಮೀಟರ್ ತಗ್ಗುತ್ತದೆ ಅಂತ ಹೇಳಿದರೆ ಅಲ್ಲೇ ಕೊಳ್ಳಿ. “ಸಾಬ್, ಎಲ್ಲದಕ್ಕೂ ಇದೇ ಹೋಗುತ್ತೆ” ಅಂದರೆ ಮುಂದಿನ ಅಂಗಡಿ ನೋಡಿ.